ಉಳ್ಳಾಗಡ್ಡಿ ಮುಟ್ಟಿದ ಕೈ

ಉಳ್ಳಾಗಡ್ಡಿಯ ಒಂದು ಕೋಶದಲ್ಲಿ ಹದಿನಾರು ವರ್ಣತಂತುಗಳಿವೆ ಎಂಬುದನ್ನು ಅನುಸೂಯಾ ನಿದ್ದೆಗಣ್ಣಲ್ಲಿ ಕೇಳಿದರೂ ಹೇಳುತ್ತಾಳೆ. ಆ ಹದಿನಾರೂ ಯಾವಾಗ ಸುರುಳಿ ಸುತ್ತಿಕೊಂಡು ದಪ್ಪಗಾಗುತ್ತವೆ, ಹೇಗೆ ಸಾಲು ನಿಲ್ಲುತ್ತವೆ, ಹೇಗೆ ಎರಡು ಪಾಲಾಗಿ ಸರಿಯುತ್ತವೆ ಎಂಬುದನ್ನು ಬನಹಟ್ಟಿಯ ಒಂದು ಪದವಿಪೂರ್ವ ಕಾಲೇಜಿನ ಕಪ್ಪು ಹಲಗೆಯ ಮೇಲೆ ವರ್ಷಾನುಗಟ್ಟಲೆ ಬಣ್ಣದ ಸೀಮೆಸುಣ್ಣದಿಂದ ಬರೆದು ತೋರಿಸುತ್ತ ಬಂದವಳು. ಗೊತ್ತಿಲ್ಲದ್ದು ಒಂದೇ, ಅದು ಉಳ್ಳಾಗಡ್ಡಿ. ಅದರ ರುಚಿ ಗೊತ್ತಿಲ್ಲ. ಹೆಚ್ಚಿದರೆ ಕಣ್ಣಲ್ಲಿ ನೀರು ಬರುತ್ತದೆ ಎಂಬುದು ಕೇಳಿ ಗೊತ್ತು. ಸಂತೆಯಲ್ಲಿ ಅದನ್ನು ಹೇಗೆ ಆರಿಸಬೇಕು ಎಂಬುದಂತೂ ದೇವರಾಣೆಗೂ ಗೊತ್ತಿಲ್ಲ.

ಅವಳು ಹುನ್ನೂರಿನ ದಿಗಂಬರ ಜೈನರ ಮನೆಯ ಮಗಳು. ಗಡ್ಡೆ, ಗೆಣಸು, ಬಳ್ಳೊಳ್ಳಿ ಯಾವುದೂ ಆ ಮನೆಯ ಹೊಸ್ತಿಲು ದಾಟಿ ಒಳಗೆ ಬಂದದ್ದಿಲ್ಲ. ನೆಲದೊಳಗೆ ಬೆಳೆಯುವ ಗಡ್ಡೆಯಲ್ಲಿ ಲೆಕ್ಕಕ್ಕೆ ಸಿಗದಷ್ಟು ಜೀವಗಳು ಒಂದೇ ಒಡಲನ್ನು ಹಂಚಿಕೊಂಡು ಬಾಳುತ್ತವೆ, ಒಂದು ಹೋಳು ಕೊಯ್ದರೆ ಅಷ್ಟನ್ನೂ ಕೊಯ್ದಂತೆ ಎಂದು ಅಜ್ಜಿ ಹೇಳುತ್ತಿದ್ದಳು. ಲಂಗ ಉಡುವ ವಯಸ್ಸಿನಲ್ಲೇ ಅನುಸೂಯಾ ಊರಿಗೆ ಬಂದ ಮುನಿ ಮಹಾರಾಜರ ಮುಂದೆ ಕೈಮುಗಿದು, ಗಡ್ಡೆಯನ್ನು ಜೀವನಪರ್ಯಂತ ಬಿಟ್ಟೆ ಎಂದು ವ್ರತ ತೆಗೆದುಕೊಂಡಳು. ಮುಂದೆ ಜಮಖಂಡಿಯಲ್ಲಿ ಪದವಿ, ಧಾರವಾಡದಲ್ಲಿ ಎಂ.ಎಸ್ಸಿ. ಹುಡುಗಿ ಜೀವಶಾಸ್ತ್ರ ಓದುತ್ತಾಳಂತೆ, ಇನ್ನು ವ್ರತದ ಗತಿ ಅಷ್ಟೇ ಎಂದು ಬೀಗರು ನೆಂಟರು ಬಾಯಿ ಚಪ್ಪರಿಸಿದರು. ಆದದ್ದು ತಿರುಗಾಮುರುಗಾ. ಬೇರಿನ ತುದಿಯಲ್ಲಿ ಕೋಶಗಳು ಒಂದು ಎರಡಾಗಿ ಎರಡು ನಾಲ್ಕಾಗಿ ಎಡೆಬಿಡದೆ ಹುಟ್ಟುತ್ತವೆ ಎಂದು ಓದಿದಾಗ, ಅಜ್ಜಿ ಹೇಳಿದ್ದೇ ಬೇರೆ ಮಾತಿನಲ್ಲಿ ಪುಸ್ತಕದಲ್ಲಿ ಬಂದಿದೆ ಎಂದು ಅವಳಿಗೆ ಅನ್ನಿಸಿತು. ವ್ರತ ಇನ್ನೂ ಗಟ್ಟಿಯಾಯಿತು.

ಆದರೆ ಪಠ್ಯಕ್ಕೆ ವ್ರತದ ಹಂಗಿಲ್ಲ. ಕೋಶ ವಿಭಜನೆಯನ್ನು ಕಣ್ಣಾರೆ ನೋಡಬೇಕೆಂದರೆ ಉಳ್ಳಾಗಡ್ಡಿಯ ಬೇರಿನ ತುದಿಯೇ ಬೇಕು ಎಂದು ಪ್ರಯೋಗದ ಪುಸ್ತಕಗಳೆಲ್ಲ ಒಂದೇ ಬಾಯಲ್ಲಿ ಹೇಳುತ್ತವೆ. ಕಾಲೇಜಿಗೆ ಸೇರಿದ ಹೊಸತರಲ್ಲಿ ಅವಳು ಇದಕ್ಕೆ ಹೆದರಿ ಕೂತಿದ್ದಾಗ ಹಿರಿಯ ಉಪನ್ಯಾಸಕ ಗಿರಮಲ್ಲಪ್ಪ ಸರ್ ಒಂದೇ ಮಾತಿನಲ್ಲಿ ತಕರಾರು ಬಗೆಹರಿಸಿದರು.

"ಮೇಡಂರ, ಬೋರ್ಡ್ ನಿಮ್ದು, ಉಳ್ಳಾಗಡ್ಡಿ ನಂದು. ಇದರಾಗ ಚಿಂತಿ ಏನೈತ್ರಿ?"

ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಅವಳು ಹಲಗೆಯ ಮೇಲೆ ಬರೆದು ವಿವರಿಸುವುದು, ಅವರು ಬೇರು ಕತ್ತರಿಸಿ ಗಾಜಿನ ಮೇಲೆ ಒತ್ತಿ ಹುಡುಗರಿಗೆ ತೋರಿಸುವುದು. ಆ ದಿನ ಅವಳು ಪ್ರಯೋಗಾಲಯದ ಕಡೆಗೆ ಸುಳಿಯುತ್ತಿರಲಿಲ್ಲ. ಅವಳು ಕೇಳಿಕೊಂಡದ್ದು ಒಂದೇ, ಬಣ್ಣದ್ದು. ಬೇರಿಗೆ ಹಾಕುವ ಕೆಂಪು ಬಣ್ಣವನ್ನು ಹುಳಗಳನ್ನು ಒಣಗಿಸಿ ಅರೆದು ಮಾಡುತ್ತಾರೆ ಎಂದು ತಿಳಿದ ಮೇಲೆ, ಕಲ್ಲುಹೂವಿನಿಂದ ತೆಗೆದ ಬೇರೆ ಬಣ್ಣ ತರಿಸಿರಿ ಎಂದು ಸರ್ ಬೆನ್ನು ಹತ್ತಿದಳು. ಅವರು ಗೊಣಗಿದರು, ಆದರೆ ತರಿಸಿದರು.

ಹಲಗೆಯ ಮೇಲಿನ ಪಾಠದಲ್ಲಿ ಅವಳನ್ನು ಮೀರಿಸುವವರು ಇರಲಿಲ್ಲ ಎಂಬುದನ್ನು ಮಾತ್ರ ಹೇಳಲೇಬೇಕು. ಬನಹಟ್ಟಿ ಎಂದರೆ ಮಗ್ಗದ ಊರು. ಕಿಟಕಿ ತೆರೆದರೆ ಪಾಠದ ನಡುವೆಯೂ ಮಗ್ಗಗಳ ಖಟಖಟ ಕೇಳುತ್ತದೆ. ತರಗತಿಯ ಅರ್ಧ ಮಕ್ಕಳು ನೇಕಾರರ ಮನೆಯವರು. ಅವರಿಗೆ ವರ್ಣತಂತುವಿನ ರಚನೆ ಹೇಳುವ ದಿನ ಅವಳು ನೂಲು ಸುತ್ತಿದ ಒಂದು ಕಂಡಿಕಿಯನ್ನೇ ಮೇಜಿನ ಮೇಲೆ ಇಡುತ್ತಾಳೆ. ನಮ್ಮ ಒಂದೊಂದು ಕೋಶದ ಒಳಗಿನ ಎಳೆಯನ್ನೆಲ್ಲ ಬಿಚ್ಚಿ ಹಾಸಿದರೆ ಎತ್ತರದ ಆಳಿಗಿಂತ ಉದ್ದ, ಉಳ್ಳಾಗಡ್ಡಿಯದು ಅದಕ್ಕೂ ಹಲವು ಪಟ್ಟು. ಅಷ್ಟುದ್ದದ ಎಳೆ ಕಣ್ಣಿಗೆ ಕಾಣದ ಕೋಶದಲ್ಲಿ ಗಂಟುಬೀಳದೆ ಇರುವುದು ಹೇಗೆ? ಹಿಸ್ಟೋನ್ ಎಂಬ ಸಣ್ಣ ಸಣ್ಣ ಕಂಡಿಕಿಗಳಿಗೆ ಸುತ್ತಿಕೊಂಡು. ಸುತ್ತಿದ ಕಂಡಿಕಿಗಳು ಮತ್ತೆ ಸುರುಳಿಯಾಗಿ, ಆ ಸುರುಳಿ ಮತ್ತೆ ಮಡಚಿ. ಬಿಚ್ಚಿದಾಗ ಓದಲು ಬರುತ್ತದೆ, ಸುತ್ತಿದಾಗ ಸಾಗಿಸಲು ಬರುತ್ತದೆ. ಇದನ್ನು ಕೇಳಿದ ನೇಕಾರರ ಮಕ್ಕಳು ಒಮ್ಮೆ ತಿಳಿದುಕೊಂಡದ್ದನ್ನು ಮರೆಯುವುದಿಲ್ಲ.

ಕೋಶಚಕ್ರದ ಪಾಠ ಅವಳಿಗೆ ಇನ್ನೂ ಪ್ರೀತಿಯದು. ಕೋಶ ಮನಸ್ಸಿಗೆ ಬಂದಾಗ ಒಡೆಯುವುದಿಲ್ಲ, ದಾರಿಯಲ್ಲಿ ತಡೆದು ತಪಾಸಣೆ ಮಾಡುವ ನಾಕಾಗಳಿವೆ ಎಂದು ಅವಳು ಹೇಳುತ್ತಾಳೆ. ಎಳೆಯನ್ನು ನಕಲು ಮಾಡುವ ಮೊದಲು ಒಂದು ನಾಕಾ, ನಕಲು ಸರಿಯಾಗಿದೆಯೋ ಎಂದು ನೋಡಲು ಒಂದು, ಎರಡು ಪಾಲಾಗುವ ಮುಂಚೆ ಕೊನೆಯದೊಂದು. ತಪ್ಪು ಕಂಡರೆ ಕೋಶ ಅಲ್ಲೇ ನಿಲ್ಲುತ್ತದೆ, ರಿಪೇರಿ ಮಾಡಿಕೊಳ್ಳುತ್ತದೆ, ಆಮೇಲೆ ಮುಂದೆ. ರಿಪೇರಿಗೆ ಬಾರದಷ್ಟು ಕೆಟ್ಟಿದ್ದರೆ ಅಕ್ಕಪಕ್ಕದವರಿಗೆ ತೊಂದರೆ ಕೊಡದೆ ತನ್ನನ್ನು ತಾನೇ ಮುಗಿಸಿಕೊಳ್ಳುತ್ತದೆ. ನಾಕಾಗಳನ್ನು ಕೇಳದೆ ನುಗ್ಗುವ ಕೋಶದಿಂದಲೇ ಕ್ಯಾನ್ಸರ್ ಹುಟ್ಟುವುದು.

ಈ ಪಾಠವನ್ನು ತರಗತಿಯ ಮಕ್ಕಳಿಗಿಂತ ಆಸೆಯಿಂದ ಕೇಳಿದವಳು ಅತ್ತೆ ಪದ್ಮವ್ವ. ಅನುಸೂಯಾಳನ್ನು ತೇರದಾಳಕ್ಕೆ ಕೊಟ್ಟಿದ್ದಾರೆ. ಗಂಡ ಬಾಹುಬಲಿಗೆ ಅಲ್ಲಿ ಅರಿಷಿಣದ ವ್ಯಾಪಾರ. ಹೊತ್ತು ಮುಳುಗುವ ಮುಂಚೆ ಊಟ ಮುಗಿಸುವ ಮನೆ ಅದು, ಅವಳು ಬನಹಟ್ಟಿಯ ಬಸ್ಸಿಳಿದು ಓಡುತ್ತ ಬರುವುದನ್ನೇ ಅತ್ತೆ ತಾಟು ಹಾಕಿಕೊಂಡು ಕಾಯುತ್ತಿದ್ದಳು. ಸಾಲಿಯ ಮೆಟ್ಟಿಲು ನಾಲ್ಕೇ ಹತ್ತಿದ್ದ ಪದ್ಮವ್ವನಿಗೆ ಊಟದ ಜೊತೆಗೆ ಇವತ್ತು ಏನು ಕಲಿಸಿದಿ ಎಂದು ಕೇಳುವುದು ಉಪ್ಪಿನಕಾಯಿಯಷ್ಟೇ ಬೇಕಾಗಿತ್ತು. ಕೆಟ್ಟ ಕೋಶ ತಾನಾಗಿ ಮುಗಿಯುವುದನ್ನು ಸೊಸೆ ಹೇಳಿದ ದಿನ ಆಕೆ ಎತ್ತಿದ ತುತ್ತನ್ನು ತಾಟಿಗೆ ಇಳಿಸಿದಳು.

"ಅಂದ್ರ ಅದು ಸಲ್ಲೇಖನ ತಗೊಂಡಂಗಾತು," ಎಂದಳು.

ಅತ್ತೆ ಸೊಸೆ ಎಣ್ಣೆ ಸೀಗೇಕಾಯಿ ಎಂಬ ಮಾತು ಆ ಮನೆಯಲ್ಲಿ ನಿಲ್ಲಲಿಲ್ಲ. ಪದ್ಮವ್ವ ಬಸದಿಗೆ ಹೋದರೆ ಸೊಸೆಯ ಮಾತೇ. ನಮ್ಮ ಅನುಸೂಯಾ ಅಷ್ಟು ದೊಡ್ಡ ಕಾಲೇಜಿನಲ್ಲಿ ಕಲಿಸಿದರೂ ಇವತ್ತಿನವರೆಗೆ ಉಳ್ಳಾಗಡ್ಡಿ ಕೈಯಲ್ಲಿ ಹಿಡಿದಿಲ್ಲ ಎಂದು ಹೇಳಿಕೊಂಡು ತಿರುಗುವಳು. ಆಕೆಗೆ ಉಳಿದಿದ್ದ ಆಸೆ ಒಂದೇ. ಊರೂರು ನಡೆಯುತ್ತ ವಿಹಾರದಲ್ಲಿ ಬಂದ ಮುನಿ ಮಹಾರಾಜರಿಗೆ ತನ್ನ ಮನೆಯಲ್ಲಿ ಆಹಾರ ಕೊಡಬೇಕು. ಮಹಾರಾಜರು ದಿನಕ್ಕೊಮ್ಮೆ, ನಿಂತುಕೊಂಡು, ಬೊಗಸೆಯಲ್ಲಿ ಉಣ್ಣುವವರು. ಬೆಳಿಗ್ಗೆ ಹೊರಡುವ ಮುಂಚೆ ಮನಸ್ಸಿನಲ್ಲೇ ಒಂದು ಗುರುತು ಹಾಕಿಕೊಳ್ಳುತ್ತಾರೆ. ಇಂಥದು ಕಂಡ ಬಾಗಿಲಲ್ಲಿ ನಿಲ್ಲುತ್ತೇನೆ, ಕಾಣದಿದ್ದರೆ ಇವತ್ತು ಉಪವಾಸ ಎಂದು. ಆ ಗುರುತು ಏನೆಂದು ಯಾರಿಗೂ ಗೊತ್ತಾಗುವುದಿಲ್ಲ. ಹಾಗಾಗಿ ಓಣಿಯವರೆಲ್ಲ ಒಬ್ಬರು ಕಳಶ, ಒಬ್ಬರು ತೆಂಗಿನಕಾಯಿ, ಒಬ್ಬರು ಹಣ್ಣು ಹಿಡಿದು ಬಾಗಿಲಲ್ಲಿ ಕಾಯುತ್ತಾರೆ. ಪದ್ಮವ್ವ ಮದುವೆಯಾಗಿ ಬಂದಾಗಿನಿಂದ ಕಾದಿದ್ದಳು. ಒಬ್ಬರೂ ನಿಂತಿರಲಿಲ್ಲ.

ಹೀಗಿರುವಾಗ ಗಿರಮಲ್ಲಪ್ಪ ಸರ್ ನಿವೃತ್ತರಾದರು.

ಹಾರ ಶಾಲು ಹಾಕಿಸಿಕೊಂಡು ಮುಧೋಳದ ಮಗನ ಮನೆಗೆ ಹೋದರು. ಅವರ ಜಾಗಕ್ಕೆ ಯಾರೂ ಬರಲಿಲ್ಲ. ದೀಪಾವಳಿ ಮುಗಿದು ಪ್ರಯೋಗದ ವಾರ ಹತ್ತಿರ ಬಂದಾಗ ಅನುಸೂಯಾ ಹಳೆಯ ಸ್ಲೈಡುಗಳ ಪೆಟ್ಟಿಗೆ ತೆಗೆದು ನೋಡಿದಳು. ಬಣ್ಣ ಹೋಗಿ, ಬೂಷ್ಟು ಹಿಡಿದು, ಕೋಶ ಯಾವುದು ಕೊಳೆ ಯಾವುದು ತಿಳಿಯದಂತಾಗಿತ್ತು. ಹಲಗೆಯ ಚಿತ್ರ ಸಾಕು ಎಂದು ಬಿಡಬಹುದಿತ್ತು, ಯಾರೂ ಕೇಳುತ್ತಿರಲಿಲ್ಲ. ಆದರೆ ಅವಳನ್ನು ಒಂದು ಮುಳ್ಳು ಬಹಳ ದಿನಗಳಿಂದ ಚುಚ್ಚುತ್ತಿತ್ತು. ಇಷ್ಟು ವರ್ಷ ಕಲಿಸಿದ ಆ ಹದಿನಾರು ಎಳೆಗಳನ್ನು ತಾನು ಕೈಯಾರೆ ಮಾಡಿದ ಸ್ಲೈಡಿನಲ್ಲಿ ಒಮ್ಮೆಯೂ ನೋಡಿರಲಿಲ್ಲ. ಪದವಿಯಲ್ಲಿ ಗೆಳತಿ ಮಾಡಿಕೊಟ್ಟಳು, ಇಲ್ಲಿ ಸರ್ ಮಾಡಿದರು. ಕೈಯಾರೆ ಮಾಡಿ ಕಾಣದ್ದನ್ನು ಕಂಡವಳ ಹಾಗೆ ಹೇಳುತ್ತ ಬಂದಿದ್ದೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

ವ್ರತ ತಿನ್ನುವುದಕ್ಕೆ ತಾನೇ, ಮುಟ್ಟುವುದಕ್ಕಲ್ಲವಲ್ಲ ಎಂದು ಒಂದು ದಿನ ಮನಸ್ಸು ಹೇಳಿತು. ಕತ್ತರಿಸುವುದು ಕೊಲ್ಲುವುದೇ ಎಂದು ಮರುದಿನ ಅದೇ ಮನಸ್ಸು ಹೇಳಿತು. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವರ ಪಾಡು. ಕೊನೆಗೆ ಅವಳು ಒಂದು ಲೆಕ್ಕ ಹಾಕಿದಳು. ಮುನಿಸಂಘ ತೇರದಾಳಕ್ಕೆ ಬರುವುದು ಇನ್ನೂ ಹದಿನೈದು ಇಪ್ಪತ್ತು ದಿನಕ್ಕೆ ಎಂದು ಸುದ್ದಿಯಿತ್ತು. ಅಷ್ಟರೊಳಗೆ ಪ್ರಯೋಗ ಮುಗಿಸಿ, ಒಂದು ಉಪವಾಸ ಮಾಡಿ, ಮನಸ್ಸು ತೊಳೆದುಕೊಂಡುಬಿಡಬೇಕು. ಅತ್ತೆಗೆ ಹೇಳಿ ನೋಯಿಸುವುದೇಕೆ?

ಬನಹಟ್ಟಿಯ ಸಂತೆಯಲ್ಲಿ ತರಕಾರಿ ಮಾರುವ ಸತ್ಯವ್ವನಿಗೆ ಅನುಸೂಯಾಳ ಪರಿಚಯ ಹಳೆಯದು. ಬದನೆ, ಹೀರೆ, ಮೆಂತ್ಯ ಬಿಟ್ಟು ಬೇರೆ ಕೇಳದ ಬಾಯಿ ಉಳ್ಳಾಗಡ್ಡಿ ಕೇಳಿದಾಗ ಆಕೆ ತಕ್ಕಡಿ ಕೆಳಗಿಟ್ಟು ಮುಖ ನೋಡಿದಳು. ಕಾಲೇಜಿಗೆ ಎಂದು ಅನುಸೂಯಾ ಗಡಬಡಿಸಿ ಹೇಳಿದಳು. ಆರಿಸಿಕೊಳ್ಳಿರಿ ಎಂದು ಸತ್ಯವ್ವ ಎರಡು ಗುಡ್ಡೆ ತೋರಿಸಿದಳು. ಒಂದರಲ್ಲಿ ಕಳೆದ ಬೇಸಿಗೆಯ ಒಣಗಿದ, ಸಿಪ್ಪೆ ಉದುರುವ, ನೆತ್ತಿಯಲ್ಲಿ ಹಸಿರು ಮೊಳಕೆ ಇಣುಕುವ ಹಳೆಯವು. ಇನ್ನೊಂದರಲ್ಲಿ ಆ ವಾರವಷ್ಟೇ ಹೊಲದಿಂದ ಬಂದ ಕೆಂಪಗೆ ಮಿರಿಮಿರಿ ಮಿಂಚುವ ಹೊಸವು. ಬದನೆಯನ್ನು ಹೇಗೆ ಆರಿಸುತ್ತಿದ್ದಳೋ ಹಾಗೆಯೇ, ಕರವಸ್ತ್ರ ಸುತ್ತಿದ ಕೈಯಿಂದ, ಅವಳು ತಾಜಾ ಇದ್ದದ್ದನ್ನೇ ಒಂದೊಂದಾಗಿ ಆರಿಸಿದಳು. ಉಳ್ಳಾಗಡ್ಡಿ ತಿನ್ನುವ ಮನೆಯಲ್ಲಿ ಹುಟ್ಟಿದ ಯಾವ ಹೆಂಗಸೂ ಈ ತಪ್ಪು ಮಾಡುತ್ತಿರಲಿಲ್ಲ.

ಪ್ರಯೋಗಾಲಯದ ಕಿಟಕಿಯಲ್ಲಿ ಗಾಜಿನ ಲೋಟಗಳ ಬಾಯಿಗೆ ಒಂದೊಂದು ಗಡ್ಡೆ, ಬುಡ ನೀರಿಗೆ ತಾಗುವಂತೆ. ಎರಡು ಮೂರು ದಿನಕ್ಕೆ ಬಿಳಿ ಬೇರು ಇಳಿಯುತ್ತವೆ ಎಂದು ಪುಸ್ತಕ ಹೇಳಿತ್ತು. ಮೂರು ದಿನ ಹೋಯಿತು, ಐದು ಹೋಯಿತು. ಗಡ್ಡೆಗಳು ಮಠದ ಸ್ವಾಮಿಗಳ ಹಾಗೆ ಕದಲದೆ ಕೂತಿದ್ದವು. ಅವಳು ನೀರು ಬದಲಿಸಿದಳು, ಬಾವಿಯ ನೀರು ತರಿಸಿದಳು, ಬಿಸಿಲಿಗೆ ಇಟ್ಟಳು, ನೆರಳಿಗೆ ಇಟ್ಟಳು. ವಾರ ಕಳೆದ ಮೇಲೆ ಅಂಜನಾ ಎಂಬ ವಿದ್ಯಾರ್ಥಿನಿ, ನೇಕಾರರ ಮನೆಯ ಹುಡುಗಿ, ಪಾಠ ಮುಗಿದಾಗ ಮೆಲ್ಲಗೆ ಬಂದು ನಿಂತಳು.

"ಮೇಡಂರಿ, ಇವು ಹೊಸಾ ಉಳ್ಳಾಗಡ್ಡಿ ಅದಾವ್ರಿ. ಹೊಸಾವು ಇಷ್ಟ ಲಗೂ ಬೇರ ಬಿಡಂಗಿಲ್ಲರಿ. ಹಳೀವು ಬೇಕ್ರಿ."

ಎಂದಿನಿಂದ ಗೊತ್ತಿತ್ತು ಎಂದು ಕೇಳಿದರೆ, ಮೊದಲ ದಿನದಿಂದ ಎಂದಳು. ಇಡೀ ತರಗತಿಗೇ ಗೊತ್ತಿತ್ತಂತೆ. ಮೇಡಂ ಹೊಸದನ್ನು ಇಟ್ಟಿದ್ದಾರೆಂದರೆ ಅದರಲ್ಲೇನೋ ವಿಜ್ಞಾನ ಇರಬೇಕು ಎಂದು ಎಲ್ಲರೂ ಸುಮ್ಮನಿದ್ದರಂತೆ. ಅನುಸೂಯಾಳಿಗೆ ನಗು ತಡೆಯಲಾಗಲಿಲ್ಲ. ಕೊಯ್ಲಾದ ಹೊಸತರಲ್ಲಿ ಗಡ್ಡೆ ವಿಶ್ರಾಂತಿಗೆ ಇಳಿದಿರುತ್ತದೆ, ಅದರ ಕೋಶಗಳು ಮೊದಲ ನಾಕಾದಲ್ಲೇ ನಿಂತು ಕಾಲದ ಅಪ್ಪಣೆ ಕಾಯುತ್ತಿರುತ್ತವೆ ಎಂದು ಅವಳೇ ಹಲಗೆಯ ಮೇಲೆ ಬರೆದಿದ್ದಳಲ್ಲ! ಹೇಳಿಕೊಡುವವಳಿಗೆ ಗೊತ್ತಿದ್ದದ್ದು ಕೊಳ್ಳುವವಳಿಗೆ ಗೊತ್ತಾಗಿರಲಿಲ್ಲ. ಮರುದಿನ ಅಂಜನಾ ಮನೆಯ ಮೂಲೆಯಲ್ಲಿ ಬಿದ್ದಿದ್ದ ಹಳೆಯ ಉಳ್ಳಾಗಡ್ಡಿಗಳನ್ನು ಚೀಲದಲ್ಲಿ ತಂದಳು. ಎರಡೇ ದಿನಕ್ಕೆ ಲೋಟದ ತುಂಬ ಬಿಳಿ ದಾರಗಳಂತೆ ಬೇರು.

ಆದರೆ ಕಳೆದ ದಿನಗಳು ಕಳೆದವು. ಅದೇ ಹೊತ್ತಿಗೆ ಮುನಿಸಂಘ ದಾರಿಯಲ್ಲಿ ಎಲ್ಲೂ ತಂಗದೆ ನಡೆದು ತೇರದಾಳಕ್ಕೆ ಬಂದೇಬಿಟ್ಟಿತು. ಅವಳು ಹಾಕಿದ ಲೆಕ್ಕವೆಲ್ಲ ಕೈಕೊಟ್ಟಿತು.

ಗುರುವಾರ ಎಳೆಬಿಸಿಲಿನ ಹೊತ್ತಿಗೆ ಅನುಸೂಯಾ ಕಾಲೇಜಿನಲ್ಲಿದ್ದಳು. ಬೇರಿನ ತುದಿಯಲ್ಲಿ ಕೋಶಗಳು ಹೆಚ್ಚಾಗಿ ಒಡೆಯುವುದು ಬೆಳಿಗ್ಗೆ. ಆಗಲೇ ಕತ್ತರಿಸಿ, ಮದ್ಯಸಾರಕ್ಕೆ ಆಮ್ಲ ಕೂಡಿಸಿದ ದ್ರಾವಣಕ್ಕೆ ಹಾಕಬೇಕು. ಹಾಕಿದೊಡನೆ ಪ್ರತಿಯೊಂದು ಕೋಶವೂ ಇದ್ದ ಹಂತದಲ್ಲೇ ನಿಂತುಬಿಡುತ್ತದೆ. ಅವಳು ಕತ್ತರಿ ಹಿಡಿದು, ಮನಸ್ಸಿನಲ್ಲಿ ಣಮೋಕಾರ ಮಂತ್ರ ಹೇಳಿ, ಕ್ಷಮೆ ಕೇಳಿ, ಕತ್ತರಿಸಿದಳು. ಕರವಸ್ತ್ರ ಸುತ್ತಿದ ಕೈಗೆ ಅಷ್ಟು ಸಣ್ಣ ಬೇರು ಸಿಗಲಿಲ್ಲ, ಅದನ್ನು ಬಿಚ್ಚಿಟ್ಟು ಬರಿಗೈಯಲ್ಲೇ ಹಿಡಿದಳು. ಕಣ್ಣಲ್ಲಿ ನೀರು ಬಂತು. ಉಳ್ಳಾಗಡ್ಡಿಯದಲ್ಲ, ಅವಳದೇ.

ಶುಕ್ರವಾರ ಪ್ರಯೋಗ. ಬೇರಿನ ತುದಿಯನ್ನು ಆಮ್ಲದಲ್ಲಿ ಮೆತ್ತಗೆ ಮಾಡಿ, ಬಣ್ಣ ಕುಡಿಸಿ, ಗಾಜಿನ ಮೇಲಿಟ್ಟು, ಮೇಲೆ ತೆಳುಗಾಜು ಮುಚ್ಚಿ, ಹೆಬ್ಬೆರಳಿನಿಂದ ಒತ್ತಿದಳು. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ತಿರುಪು ತಿರುಗಿಸುತ್ತ ಹೋದಳು. ಮೊದಲು ಮಂಜು. ಆಮೇಲೆ ಇಟ್ಟಿಗೆ ಜೋಡಿಸಿದಂತೆ ಕೋಶಗಳು. ಆಮೇಲೆ, ಒಂದರ ನಡುವೆ, ಕಂದುಗೆಂಪು ಎಳೆಗಳು ಸಾಲಾಗಿ ನಿಂತಿದ್ದವು. ಪಕ್ಕದ ಕೋಶದಲ್ಲಿ ಅವೇ ಎಳೆಗಳು ಎರಡು ಪಾಲಾಗಿ ಆಚೆಗೊಂದು ಈಚೆಗೊಂದು ಸರಿಯುತ್ತಿದ್ದವು, ಸರಿಯುತ್ತಿದ್ದ ಹಾಗೆಯೇ ನಿಂತಿದ್ದವು. ಇಷ್ಟು ವರ್ಷ ಸೀಮೆಸುಣ್ಣದಲ್ಲಿ ಬರೆದದ್ದು ಸುಳ್ಳಾಗಿರಲಿಲ್ಲ. ಮಕ್ಕಳು ಸಾಲು ನಿಂತು ಕಾಯುತ್ತಿದ್ದರೂ ಅವಳಿಗೆ ಕಣ್ಣು ತೆಗೆಯುವ ಮನಸ್ಸಾಗಲಿಲ್ಲ. ಸಂತೋಷ ಎಂದರೆ ಹೀಗಿರುತ್ತದೆ ಎಂಬುದನ್ನು ಅವಳು ಬಹಳ ವರ್ಷಗಳ ಮೇಲೆ ಮತ್ತೆ ಕಂಡಳು.

ಆ ಸಂತೋಷ ತೇರದಾಳದ ಬಸ್ ಸ್ಟ್ಯಾಂಡಿನವರೆಗೆ ಉಳಿಯಿತು.

ಮನೆಯಲ್ಲಿ ಪದ್ಮವ್ವ ಪಡಸಾಲೆಯ ನಡುವೆ ಮೊರ ಹಿಡಿದು ಗೋಧಿ ಹಸನು ಮಾಡುತ್ತಿದ್ದಳು. ಬಾವಿಯ ನೀರು ಸೇದಿ ಸೋಸಿ ಇಟ್ಟಾಗಿತ್ತು. ಹೊಸ ಒಲೆ ಸಾರಿಸಿ ಆಗಿತ್ತು. ಎಪ್ಪತ್ತು ದಾಟಿದ ಮುದುಕಿಯ ಮುಖದಲ್ಲಿ ಮದುವಣಗಿತ್ತಿಯ ಕಳೆಯಿತ್ತು. ನಾಳೆ ಬೆಳಿಗ್ಗೆ ಕಾಲೇಜಿಗೆ ರಜೆ ಹಾಕು, ನನ್ನ ಬಾಜೂ ನೀನೇ ನಿಲ್ಲಬೇಕು ಎಂದಳು. ಮಹಾರಾಜರು ಬಾಗಿಲಲ್ಲಿ ನಿಂತರೆ ಮನೆಯವರು ಮೂರು ಸುತ್ತು ಹಾಕಿ ಹೇಳಬೇಕಾದ ಮಾತುಗಳಿವೆ. ಮನಶುದ್ಧಿ, ವಚನಶುದ್ಧಿ, ಕಾಯಶುದ್ಧಿ, ಆಹಾರ ಜಲ ಶುದ್ಧ. ಅದು ಬಾಯಿಪಾಠದ ಮಾತಲ್ಲ, ಆಣೆ. ಅದರ ಮೇಲೆ ನಂಬಿಕೆ ಇಟ್ಟೇ ಅವರು ಒಳಗೆ ಹೆಜ್ಜೆ ಇಡುವುದು.

ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅನುಸೂಯಾ ಅತ್ತೆಯ ಎದುರು ನೆಲದ ಮೇಲೆ ಕೂತಳು.

"ಅತ್ತೀ, ನಾ ಉಳ್ಳಾಗಡ್ಡಿ ಮುಟ್ಟೇನ್ರಿ. ನಿನ್ನೆ ಬೇರ ಕತ್ತರಿಸೇನಿ, ಇವತ್ತ ಹುಡುಗರಿಗೆ ತೋರ್ಸೇನಿ."

ಮೊರ ನಿಂತಿತು. ತಿಂದಿಯಾ ಎಂದು ಪದ್ಮವ್ವ ಕೇಳಿದಳು, ಇಲ್ಲ ಎಂದಳು. ಯಾರಾದರೂ ಬಲವಂತ ಮಾಡಿದರಾ ಎಂದು ಕೇಳಿದಳು, ಇಲ್ಲ ಎಂದಳು. ಮುಂದಿನ ವರ್ಷ ಮತ್ತೆ ಮುಟ್ಟುತ್ತೀಯಾ ಎಂದು ಕೇಳಿದಳು. ಇಲ್ಲಿ ಒಂದು ಸಣ್ಣ ಸುಳ್ಳು ಹೇಳಿದ್ದರೆ ಎಲ್ಲ ಸುಗಮವಾಗುತ್ತಿತ್ತು.

"ಮುಂದಿನ ವರ್ಸನೂ ಮುಟ್ಟಬೇಕಾಕ್ಕೈತ್ರಿ. ನಾನ ಮಾಡಿ ನೋಡದನ ಹುಡುಗರಿಗೆ ಹೆಂಗ ಹೇಳ್ಲಿರಿ?"

ಪದ್ಮವ್ವ ಮತ್ತೆ ಗೋಧಿಯಲ್ಲಿ ಕಲ್ಲು ಹುಡುಕತೊಡಗಿದಳು. ಬಸದಿಯ ಕಟ್ಟೆಯ ಮೇಲೆ ಸೊಸೆಯನ್ನು ಹೊಗಳಿದ್ದೆಲ್ಲ ಆಕೆಯ ಕಣ್ಣ ಮುಂದೆ ಬಂದಿರಬೇಕು. ಬೈಯಲಿಲ್ಲ, ಅಳಲಿಲ್ಲ. ನಾಳೆ ನೀನು ಒಳಗಿರು ಎಂದಷ್ಟೇ ಹೇಳಿದಳು. ಬೈದಿದ್ದರೆ ಅನುಸೂಯಾ ತಾಳಿಕೊಳ್ಳುತ್ತಿದ್ದಳು.

ಶನಿವಾರ ಅವಳು ಉಪವಾಸ ಹಿಡಿದಳು. ಕಿಟಕಿಯ ಸಂದಿಯಿಂದ ನೋಡಿದಳು. ಬಾಗಿಲಲ್ಲಿ ಅತ್ತೆ ಕಳಶ ಹಿಡಿದು, ಗಂಡ ತೆಂಗಿನಕಾಯಿ ಹಿಡಿದು ನಿಂತಿದ್ದರು. ಮಹಾರಾಜರು ಆಹಾರಕ್ಕೆ ಹೊರಟವರ ಮುದ್ರೆಯಲ್ಲಿ ಬಲಗೈ ಬೆರಳುಗಳನ್ನು ಭುಜಕ್ಕೆ ತಾಗಿಸಿಕೊಂಡು ಓಣಿಯಲ್ಲಿ ನಡೆದು ಬಂದರು. ಬಾಗಿಲುಗಳಿಂದ ನಮೋಸ್ತು ನಮೋಸ್ತು ಎಂಬ ದನಿಗಳು ಎದ್ದವು. ಇವರ ಮನೆಯ ಮುಂದೆ ಹೆಜ್ಜೆ ಸ್ವಲ್ಪ ನಿಧಾನವಾಯಿತು. ಆಮೇಲೆ ಮುಂದೆ ಹೋದರು. ಎರಡು ಮನೆ ದಾಟಿ ಇನ್ನೊಂದು ಬಾಗಿಲಲ್ಲಿ ನಿಂತರು.

ಅಡುಗೆ ಹಾಗೇ ಉಳಿಯಿತು. ಬಾಹುಬಲಿ ಒಂದಿಷ್ಟು ಉಂಡು ಅಂಗಡಿಗೆ ಹೋದ. ಮಧ್ಯಾಹ್ನ ಪದ್ಮವ್ವ ಕಂಬಕ್ಕೆ ಒರಗಿ ಕೂತು, ಊಟಕ್ಕೆ ಕೂತಾಗ ಕೇಳುತ್ತಿದ್ದ ದನಿಯಲ್ಲೇ ಕೇಳಿದಳು, ಅದರಲ್ಲಿ ಏನು ಕಂಡಿ ಎಂದು.

ಅನುಸೂಯಾ ಹೇಳಿದಳು. ಎಳೆಗಳು ಕೋಶದ ನಡುವೆ ಬಂದು ಸಾಲು ನಿಲ್ಲುವುದನ್ನು, ಪ್ರತಿ ಎಳೆಗೂ ಎರಡೂ ಕಡೆಯಿಂದ ದಾರ ಕಟ್ಟಿಕೊಳ್ಳುವುದನ್ನು, ಕಟ್ಟಿದ ಮೇಲಷ್ಟೇ ಎರಡಾಗಿ ಬಿಡಿಸಿಕೊಂಡು ಹೊರಡುವುದನ್ನು ಬೆರಳು ಮಡಚಿ ಬಿಚ್ಚಿ ತೋರಿಸಿದಳು.

"ಒಂದಕ್ಕ ದಾರ ಕಟ್ಟಿಲ್ಲಂದ್ರ?"

"ಉಳಿದ ಹದಿನೈದೂ ಕಾಯ್ತಾವ್ರಿ. ಅದೊಂದು ಸರಿ ಆಗೂತನಕ ಯಾವುದೂ ಹೊಂಡಂಗಿಲ್ಲ."

"ಒಂದರ ಸಲುವಾಗಿ?"

"ಒಂದರ ಸಲುವಾಗಿ ರೀ. ಬಿಟ್ಟು ಹೋದ್ರ ಮುಂದ ಹುಟ್ಟೂ ಎರಡೂ ಕೋಶ ಕೆಡ್ತಾವ."

ಪದ್ಮವ್ವ ಎದ್ದು ಹೋಗಿ ನಾಳೆಗೆಂದು ಮತ್ತೆ ಗೋಧಿ ತಂದಳು. ಮೊರ ಎರಡು ತಂದಿದ್ದಳು.

ಭಾನುವಾರ ಬೆಳಿಗ್ಗೆ ಆಕೆ ಸೊಸೆಯನ್ನು ಕರೆದು, ಜಳಕ ಮಾಡಿ ಮಡಿಸೀರೆ ಉಟ್ಟು ಬಾ ಎಂದಳು. ಅನುಸೂಯಾ ನಿಂತಲ್ಲೇ ನಿಂತಳು. ಬಾಗಿಲಲ್ಲಿ ಆ ಮಾತು ಹೇಗೆ ಆಡಲಿ ಎಂದು ಕೇಳಿದಳು.

"ಕೈ ನೀರಿಗೆ ತೊಳೀತಾವ," ಎಂದಳು ಪದ್ಮವ್ವ. "ಮುಚ್ಚಿಟ್ಟದ್ದು ನೀರಿಗೆ ಹೋಗಂಗಿಲ್ಲ. ಅದನ್ನ ನೀ ಮೊನ್ನೆ ತೊಳದಿ. ನಿನ್ನ ಬಾಯಿಗೆ ಖರೆ ಅನಿಸಿದಷ್ಟ ಅನ್ನು."

ಮೂವರೂ ಬಾಗಿಲಲ್ಲಿ ನಿಂತರು. ಅತ್ತೆಯ ಎಡಗೈಯಲ್ಲಿ ಕಳಶ, ಗಂಡನ ಕೈಯಲ್ಲಿ ತೆಂಗಿನಕಾಯಿ, ಅನುಸೂಯಾಳ ಕೈ ಖಾಲಿ. ಓಣಿಯ ಆ ತುದಿಯಿಂದ ಮಹಾರಾಜರು ಬಂದರು. ಬಂದರು, ನಿಂತರು. ಅವರ ಮನಸ್ಸಿನ ಗುರುತು ಏನಿತ್ತೋ, ಅದು ಅವರಿಗೇ ಗೊತ್ತು. ಮೂವರೂ ಮೂರು ಸುತ್ತು ಹಾಕಿ ಎದುರು ಬಂದು, ಕೂಡಿ ಹೇಳತೊಡಗಿದರು.

ಮನಶುದ್ಧಿ. ಅನುಸೂಯಾಳ ದನಿ ಸ್ಪಷ್ಟವಾಗಿತ್ತು. ವಚನಶುದ್ಧಿ. ಅದೂ ಸ್ಪಷ್ಟವಾಗಿತ್ತು. ಮೂರನೆಯ ಮಾತಿಗೆ ಅವಳು ತನ್ನ ಬಲಗೈ ನೋಡಿಕೊಂಡು ನಿಂತಳು. ಅವಳು ನಿಂತಳೆಂದು ಅತ್ತೆಯೂ ನಿಂತಳು. ತಾಯಿಯ ದನಿ ಕೇಳದೆ ಬಾಹುಬಲಿಯೂ ಬಾಯಿ ಮುಚ್ಚಿದ. ಮಹಾರಾಜರು ಕಣ್ಣು ಕೆಳಗೆ ಮಾಡಿ ಹೊಸ್ತಿಲ ಹೊರಗೆ ನಿಂತಿದ್ದರು. ಮಾತು ಪೂರ್ತಿಯಾಗದಿದ್ದರೆ ಅವರು ಹಿಂದಿರುಗಿ ಹೋಗುತ್ತಾರೆ, ಆ ದಿನ ಮತ್ತೆ ಉಣ್ಣುವುದಿಲ್ಲ. ಪದ್ಮವ್ವನ ಇಡೀ ಆಯುಷ್ಯದ ಆಸೆ ಆ ಹೊಸ್ತಿಲ ಮೇಲಿತ್ತು. ಆಕೆ ಒಬ್ಬಳೇ ಹೇಳಿ ಮುಗಿಸಬಹುದಿತ್ತು, ಹೇಳಲಿಲ್ಲ, ಕಾದಳು. ಆಮೇಲೆ ಖಾಲಿಯಿದ್ದ ತನ್ನ ಬಲಗೈ ಚಾಚಿ ಸೊಸೆಯ ಬಲಗೈಯನ್ನು, ಉಳ್ಳಾಗಡ್ಡಿ ಮುಟ್ಟಿದ ಆ ಕೈಯನ್ನೇ, ಗಟ್ಟಿಯಾಗಿ ಹಿಡಿದಳು.

"ಕಾಯಶುದ್ಧಿ," ಎಂದಳು ಇಬ್ಬರ ಪರವಾಗಿ, ಓಣಿಗೆಲ್ಲ ಕೇಳುವಂತೆ.

ಆಹಾರ ಜಲ ಶುದ್ಧ ಎಂದು ಮೂವರೂ ಕೂಡಿ ಮುಗಿಸಿದರು. ಮಹಾರಾಜರು ಹೆಜ್ಜೆ ಎತ್ತಿ ಒಳಗೆ ಇಟ್ಟರು.

ಒಳಗೆ ಅವರು ಬೊಗಸೆ ಕಟ್ಟಿ ನಿಂತಾಗ ಪದ್ಮವ್ವ ಮೊದಲ ತುತ್ತಿನ ತಾಟನ್ನು ಸೊಸೆಯ ಕೈಗೆ ಕೊಟ್ಟು, ನೀ ಹಾಕು ಎಂದಳು. ಅನುಸೂಯಾ ತುತ್ತನ್ನು ಬೊಗಸೆಯಲ್ಲಿಟ್ಟಳು. ಮಹಾರಾಜರು ಹೆಬ್ಬೆರಳಿನಿಂದ ಅದನ್ನು ಮೆಲ್ಲಗೆ ಬಿಡಿಸಿ, ಹುಳವಿದೆಯೋ ಕೂದಲಿದೆಯೋ ಎಂದು ಅಗುಳು ಅಗುಳು ನೋಡಿದರು. ಒಂದು ಕಂಡರೂ ಅಲ್ಲಿಗೆ ಊಟ ನಿಂತಂತೆ. ಅನುಸೂಯಾಳಿಗೆ ಮೊನ್ನೆ ಗಾಜಿನ ಕೆಳಗೆ ಸಾಲು ನಿಂತು ಕಾಯುತ್ತಿದ್ದ ಎಳೆಗಳು ನೆನಪಾದವು. ಅತ್ತೆಯ ಕೈ ಅವಳ ಸೆರಗನ್ನು ಹಿಡಿದೇ ಇತ್ತು.

ನೋಡಿ ಮುಗಿದ ಮೇಲೆ ಅವರು ಬೊಗಸೆಯನ್ನು ಬಾಯಿಗೆ ಎತ್ತಿದರು.